ಕಾರಿನ ಎಡಬದಿಯ ಕೊಳ: ನಾಲ್ಕು ಭಾನುವಾರಗಳ ದುರಸ್ತಿ

ಆರಿದ್ರಾ ಮಳೆ ಹಿಡಿದ ವಾರ. ರಾತ್ರಿ ಎರಡು ಗಂಟೆಗೆ ಮನೆ ಮುಂದೆ ನಿಂತಿದ್ದ ಕಾರು ತನ್ನ ಬಾಗಿಲಿಗೆ ತಾನೇ ಬೀಗ ಹಾಕಿಕೊಂಡು ತಾನೇ ತೆಗೆಯತೊಡಗಿತು. ಟಕ್. ಟಕ್. ಒಂದು ನಿಮಿಷ ಸುಮ್ಮನೆ. ಮತ್ತೆ ಟಕ್. ಎರಡು ದಿನ ಬಿಟ್ಟು ಶಾಲೆಗೆ ಹೋಗುವ ದಾರಿಯಲ್ಲಿ, ಒಂದು ಹನಿಯೂ ಇಲ್ಲದ ಹೊತ್ತಿನಲ್ಲಿ, ವೈಪರ್ ಎದ್ದು ಒಣ ಗಾಜನ್ನು ಕರಕರ ಒರೆಸಿ ಮಲಗಿತು. ಪಕ್ಕದ ಮನೆಯವರು, "ಒಂದು ನಿಂಬೆಹಣ್ಣು ಕಟ್ಟಿ ನೋಡಿ ಮೇಷ್ಟ್ರೇ" ಅಂದರು. ಎಂಟು ವರ್ಷದ ಹಳೇ ಹ್ಯಾಚ್‌ಬ್ಯಾಕಿಗೆ ಯಾವ ದೆವ್ವ ಆಸೆಪಟ್ಟೀತು ಅಂತ ನಕ್ಕು ಸುಮ್ಮನಾದೆ.

ಉತ್ತರ ಸಿಕ್ಕಿದ್ದು ಮಗಳಿಂದ. ಮುಂದಿನ ಎಡ ಸೀಟಿನಿಂದ ಇಳಿದವಳು, "ಅಪ್ಪಾ, ಸಾಕ್ಸ್ ಎಲ್ಲ ಒದ್ದೆ" ಅಂದಳು. ರಬ್ಬರ್ ಮ್ಯಾಟ್ ಎತ್ತಿ ಕಾರ್ಪೆಟ್ ಅದುಮಿದೆ. ಬೆರಳ ಸುತ್ತ ನೀರು ಉಕ್ಕಿತು. ಮೂಗಿಗೆ ಹಳೇ ಕಂಬಳಿಯ ವಾಸನೆ.

ಸರ್ವೀಸ್ ಸೆಂಟರಿಗೆ ಎರಡು ಸಲ ಹೋದೆ. ಮೊದಲ ಸಲ, "ಬಾಗಿಲು ತೆರೆದಿಟ್ಟು ತೊಳೆದಿರ್ತೀರಿ ಸಾರ್" ಅಂದರು. ಎರಡನೇ ಸಲ ಲ್ಯಾಪ್‌ಟಾಪ್ ಚುಚ್ಚಿ ನೋಡಿ, ಬಿಸಿಎಂ ಹೋಗಿದೆ, ಹೊಸದಕ್ಕೆ 18,500 ರೂಪಾಯಿ ಅಂದರು. ಬಿಸಿಎಂ ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್. ಬೀಗ, ವೈಪರ್, ಇಂಡಿಕೇಟರ್, ಒಳಗಿನ ದೀಪ ಎಲ್ಲವನ್ನೂ ಆಳುವ ಪೆಟ್ಟಿಗೆ. "ಸರಿ, ಆದರೆ ನೀರು ಎಲ್ಲಿಂದ ಬರ್ತಿದೆ?" ಅಂತ ಕೇಳಿದೆ. "ಅದು ಬೇರೆ ಕಂಪ್ಲೇಂಟ್ ಸಾರ್. ಅದಕ್ಕೆ ಬೇರೆ ಜಾಬ್ ಕಾರ್ಡ್ ಮಾಡ್ಬೇಕು."

ಕಾರನ್ನು ವಾಪಸ್ ತಂದೆ. ನೀರು ಒಂದು ಕಂಪ್ಲೇಂಟು, ಪೆಟ್ಟಿಗೆ ಇನ್ನೊಂದು ಕಂಪ್ಲೇಂಟು ಅಂತ ನಂಬಿದ ಮೊದಲಿಗರು ಅವರಲ್ಲ, ಈ ಕಾರಿನ ನಕ್ಷೆ ಬರೆದವರೂ ಹಾಗೇ ನಂಬಿದ್ದರು ಅಂತ ನನಗೆ ಗೊತ್ತಾಗಿದ್ದು ಮೂರು ವಾರದ ನಂತರ.

ಮೊದಲ ಭಾನುವಾರ: ಇದು ಯಾವ ನೀರು?

ತೀರ್ಥಹಳ್ಳಿ ಕಡೆ ನಮ್ಮೂರಿನ ಮನೆಯಲ್ಲಿ ಹೆಂಚಿನ ಮಾಡಿನ ಕೊಟ್ಟಿಗೆ ಖಾಲಿ ಇದೆ. ಮಳೆಗಾಲದಲ್ಲಿ ಕಾರು ಬಿಚ್ಚಲು ಅದಕ್ಕಿಂತ ಒಳ್ಳೆ ಜಾಗ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಎಲ್ಲಿ ಸಿಗಬೇಕು? ಶನಿವಾರ ಸಂಜೆಯೇ ಹೊರಟೆವು.

ಎಡ ಸೀಟಿನವರು ಕಾಲಿಡುವಲ್ಲಿ ನೀರು ಬರಲು ನಾಲ್ಕು ದಾರಿಗಳುಂಟು. ಹೀಟರಿನೊಳಗಿನ ಪುಟ್ಟ ರೇಡಿಯೇಟರ್ ಒಡೆದರೆ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಸೋರುತ್ತದೆ. ಅದಕ್ಕೆ ಬಣ್ಣ ಇರುತ್ತದೆ, ಬೆರಳಿಗೆ ಅಂಟಂಟು, ಸಿಹಿ ವಾಸನೆ, ಗಾಜಿನ ಒಳಗೆ ಎಣ್ಣೆ ಎಣ್ಣೆ ಮಂಜು ಕೂರುತ್ತದೆ. ನನ್ನ ನೀರಿಗೆ ಬಣ್ಣ ಇರಲಿಲ್ಲ, ಕೂಲಂಟ್ ಡಬ್ಬಿಯ ಮಟ್ಟವೂ ಇಳಿದಿರಲಿಲ್ಲ. ಬಾಗಿಲಿನೊಳಗಿನ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದರೆ ಬಾಗಿಲಿನ ಕೆಳಗಿನ ಪಟ್ಟಿ ಒದ್ದೆಯಾಗಬೇಕಿತ್ತು. ಅದು ಒಣಗಿತ್ತು. ಉಳಿದವು ಎರಡು: ಎಸಿ ನೀರಿನ ಪೈಪು, ಇಲ್ಲವೇ ಮಳೆನೀರು.

ಎಸಿಯೊಳಗಿನ ಸುರುಳಿ ತಣ್ಣಗಾದಾಗ ಗಾಳಿಯಲ್ಲಿನ ತೇವ ಅದರ ಮೇಲೆ ಹನಿಗಟ್ಟುತ್ತದೆ, ತಣ್ಣೀರಿನ ಚೊಂಬಿನ ಹೊರಗೆ ಹನಿಗಟ್ಟಿದ ಹಾಗೆ. ಆ ನೀರು ಒಂದು ರಬ್ಬರ್ ಪೈಪಿನಲ್ಲಿ ಇಂಜಿನ್ ಕಡೆಯ ತಗಡಿನ ಗೋಡೆ ದಾಟಿ ನೆಲಕ್ಕೆ ಬೀಳಬೇಕು. ಎಸಿ ಹಾಕಿ ಅರ್ಧ ಗಂಟೆ ನಿಲ್ಲಿಸಿದೆ. ಕೆಳಗೆ ಹಾಸಿದ ಪೇಪರ್ ಒಣಗೇ ಇತ್ತು. ಸಿಕ್ಕಿಬಿದ್ದ ಕಳ್ಳ, ಅಂದುಕೊಂಡೆ.

ಆ ಪೈಪನ್ನು ಮುಟ್ಟುವುದೇ ಒಂದು ಸಾಹಸ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಕೈ ಹಾಕಿದರೆ ತಲುಪುವುದಿಲ್ಲ. ಕೆಳಗಿನಿಂದ ನೋಡಿದರೆ ಇಂಜಿನ್ ಹೊತ್ತ ಕಬ್ಬಿಣದ ತೊಲೆಯ ಹಿಂದೆ ಒಂದು ಗೇಣು ಸಂದಿಯಲ್ಲಿ ಬಾಗಿಕೊಂಡು ಕೂತಿದೆ. ಅದರ ತುದಿ ಬಾತುಕೋಳಿಯ ಕೊಕ್ಕಿನ ಹಾಗೆ ಚಪ್ಪಟೆ. ಕೆಳಗಿನಿಂದ ಹುಳ, ಕೆಸರು ಬರದಿರಲಿ ಅಂತ ಹಾಗೆ ಮಾಡಿದ್ದಾರೆ, ತಪ್ಪಲ್ಲ. ಆದರೆ ಮೇಲಿನಿಂದ ಬರುವ ಧೂಳು ಆ ಕೊಕ್ಕಿನಲ್ಲೇ ಗಟ್ಟಿಯಾಗುತ್ತದೆ.

ಕಬ್ಬಿಣದ ತಂತಿ ಹಾಕಿ ತಿವಿಯಬಾರದು. ರಬ್ಬರ್ ತೂತಾದೀತು, ಇನ್ನೂ ಒಳಗೆ ಹೋದರೆ ಸುರುಳಿಗೆ ತಾಗೀತು. ತೋಟದ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಒಂದೂವರೆ ಮೊಳ ಕತ್ತರಿಸಿ, ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿಕೊಂಡೆ. ಇಟ್ಟಿಗೆ ಕೊಟ್ಟು, ಜ್ಯಾಕ್ ಏರಿಸಿ, ಅದನ್ನೇ ನಂಬದೆ ಪಕ್ಕದಲ್ಲಿ ಎರಡು ದಪ್ಪ ಮರದ ತುಂಡು ಇಟ್ಟು ಕೆಳಗೆ ತೆವಳಿದೆ. ದಾರ ತಿರುಗಿಸುತ್ತಾ ಮೇಲೆ ನೂಕಿದೆ. ನಾಲ್ಕನೇ ಸಲಕ್ಕೆ ಏನೋ ಸಡಿಲವಾಯಿತು. ಆಮೇಲೆ ಬಂದದ್ದು ಸುಮಾರು ಎರಡು ಲೋಟದಷ್ಟು ಕಂದು ನೀರು, ಬಹುಪಾಲು ನನ್ನ ಅಂಗಿಯ ತೋಳಿನೊಳಕ್ಕೆ. ಅಮ್ಮ ಆ ಅಂಗಿಯನ್ನು ಬಚ್ಚಲಿಗೂ ಸೇರಿಸಲಿಲ್ಲ.

ಮತ್ತೆ ಎಸಿ ಹಾಕಿದೆ. ಹನಿ ಸಾಲಾಗಿ ಬಿದ್ದವು. ಖಾತ್ರಿ ಮಾಡಿಕೊಳ್ಳಲು ಗಾಜಿನ ಮೇಲೆ ಮೂರು ಕೊಡ ನೀರು ಸುರಿದೆ, ಒಳಗೆ ಒಂದು ತೊಟ್ಟೂ ಬರಲಿಲ್ಲ. ಮುಗಿಯಿತು ಅಂತ ಕೈ ತೊಳೆದು ಕೊಟ್ಟೆಕಡುಬು ತಿಂದೆ.

ಎರಡನೇ ಭಾನುವಾರ: ಮುಗಿದಿರಲಿಲ್ಲ

ಬುಧವಾರ ಶಿವಮೊಗ್ಗದಲ್ಲಿ ಪುನರ್ವಸು ಮಳೆ ರಾತ್ರಿಯಿಡೀ ಹೊಯ್ಯಿತು. ಬೆಳಗ್ಗೆ ಎಡಬದಿಯಲ್ಲಿ ಮ್ಯಾಟ್ ತೇಲುತ್ತಿತ್ತು. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಒಂದು ಅಂಚು ಎದ್ದು ತೇಲುತ್ತಿತ್ತು. ಎಸಿ ಹಾಕಿಯೇ ಇರಲಿಲ್ಲ. ಹಾಗಾದರೆ ಮಳೆನೀರೂ ಬರುತ್ತಿದೆ. ಆದರೆ ಊರಲ್ಲಿ ಸುರಿದ ಮೂರು ಕೊಡ ಯಾಕೆ ಬರಲಿಲ್ಲ?

ಗಣಿತ ಹೇಳುವವನಿಗೆ ಇಷ್ಟು ತಡವಾಗಿ ಹೊಳೆದದ್ದು ನಾಚಿಕೆಯೇ. ಊರ ಮನೆಯ ಅಂಗಳ ತೋಡಿನ ಕಡೆ ಇಳಿಜಾರು. ಅಲ್ಲಿ ನಿಲ್ಲಿಸಿದರೆ ಕಾರು ಬಲಕ್ಕೆ ವಾಲುತ್ತದೆ. ಶಿವಮೊಗ್ಗದ ಮನೆ ಮುಂದೆ ರಸ್ತೆಯ ಎಡ ಅಂಚಿನಲ್ಲಿ ನಿಲ್ಲಿಸುತ್ತೇನೆ. ರಸ್ತೆಯ ನಡು ಎತ್ತರ, ಅಂಚು ತಗ್ಗು. ಡಾಂಬರು ರಸ್ತೆಗೆ ಸಾಮಾನ್ಯವಾಗಿ 100ಕ್ಕೆ 2ರಿಂದ 2.5ರಷ್ಟು ಅಡ್ಡ ಇಳಿಜಾರು ಕೊಡುತ್ತಾರೆ. ಎಡಗಡೆ ಓಡಿಸಿ ಎಡಗಡೆಯೇ ನಿಲ್ಲಿಸುವ ನಮ್ಮ ದೇಶದಲ್ಲಿ ರಸ್ತೆ ಬದಿಯ ಪ್ರತಿ ಕಾರೂ ಎಡಕ್ಕೇ ವಾಲಿ ನಿಂತಿರುತ್ತದೆ.

ಭಾನುವಾರ ಕೊಟ್ಟಿಗೆಯ ಮುಂದೆ ಬಲಚಕ್ರಗಳ ಕೆಳಗೆ ಹಲಗೆ ಕೊಟ್ಟು ಕಾರನ್ನು ಎಡಕ್ಕೆ ವಾಲಿಸಿದೆ. ಮಗಳು ಒಳಗೆ ಟಾರ್ಚು ಹಿಡಿದು, ತಲೆ ಕೆಳಗೆ ಮಾಡಿಕೊಂಡು ಗ್ಲೋವ್ ಬಾಕ್ಸಿನ ಅಡಿ ನೋಡುತ್ತಾ ಮಲಗಿದಳು. ನಾನು ಗಿಡಕ್ಕೆ ನೀರು ಹಾಕುವ ಝಾರಿಯಲ್ಲಿ ಗಾಜಿನ ಬುಡಕ್ಕೆ ನಿಧಾನ ಸುರಿದೆ. ಒಂದು ಝಾರಿ, ಏನಿಲ್ಲ. ಎರಡು, ಏನಿಲ್ಲ. ಮೂರನೆಯದು ಅರ್ಧವಾಗುವಾಗ, "ಅಪ್ಪಾ, ಫ್ಯಾನಿಂದ ಬಂತು! ಫ್ಯಾನಿಂದ!" ಅಂತ ಕೂಗಿದಳು. ಎಸಿಯ ಗಾಳಿ ಊದುವ ಬ್ಲೋವರಿನ ಡಬ್ಬಿಯ ಜೋಡಣೆಯಿಂದ ನೀರು ದಾರದ ಹಾಗೆ ಇಳಿಯುತ್ತಿತ್ತು. ಅಲ್ಲಿಂದ ವೈರುಗಳ ಕಟ್ಟಿನ ಮೇಲೆ, ಆ ಕಟ್ಟು ಹಿಡಿದು ನೇರ ಬಿಸಿಎಂ ಪೆಟ್ಟಿಗೆಯ ನೆತ್ತಿಗೆ.

ಇನ್ನು ಮುಂದಿನ ಗಾಜಿನ ಬುಡದ ಕಪ್ಪು ಪ್ಲಾಸ್ಟಿಕ್ ಜಾಲರಿ, ಕೌಲ್ ಕವರ್ ಅನ್ನುತ್ತಾರಲ್ಲ, ಅದನ್ನು ಬಿಚ್ಚಲೇಬೇಕು. ಅದಕ್ಕೆ ಮೊದಲು ವೈಪರ್ ತೋಳುಗಳು ಬರಬೇಕು. ಗಾಜಿನ ಮೇಲೆ ವೈಪರ್ ಎಲ್ಲಿ ಮಲಗಿತ್ತೋ ಅಲ್ಲಿಗೆ ಮಗಳ ಸೀಮೆಸುಣ್ಣದಿಂದ ಗೆರೆ ಎಳೆದೆ. ಇದನ್ನು ಮಾಡದಿದ್ದರೆ ವಾಪಸ್ ಹಾಕುವಾಗ ಎರಡೂ ತೋಳು ಒಂದಕ್ಕೊಂದು ಜಗಳಕ್ಕೆ ಬೀಳುತ್ತವೆ. 14ರ ನಟ್ಟು ಸಲೀಸಾಗಿ ಬಂತು. ತೋಳು ಮಾತ್ರ ಅಲ್ಲಾಡಲಿಲ್ಲ. ಎಂಟು ವರ್ಷದ ತುಕ್ಕು ಅದರ ಹಲ್ಲುಗಳನ್ನು ಬೆಸೆದಿತ್ತು. ಸುತ್ತಿಗೆಯಲ್ಲಿ ಹೊಡೆದರೆ ಕೆಳಗಿನ ಲಿಂಕು ಬಾಗುತ್ತದೆ. ತುಕ್ಕಿನ ಸ್ಪ್ರೇ ಹೊಡೆದು ಕಾದೆ, ಬಿಸಿನೀರು ಹಾಕಿದೆ, ಬೈದೆ. ಕೊನೆಗೆ ಪೇಟೆಯ ಗ್ಯಾರೇಜಿನ ಹುಡುಗನ ಹತ್ತಿರ ತೋಳನ್ನು ಎಳೆದು ಕೀಳುವ ಪುಲ್ಲರ್ ಎರವಲು ತಂದೆ. "ಮೇಷ್ಟ್ರೇ, ಅದನ್ನ ವರ್ಷಕ್ಕೊಂದು ಸಲ ಬಿಚ್ಚಿ ಗ್ರೀಸ್ ಹಚ್ಚಿ ಹಾಕ್ಬೇಕು" ಅಂದ. ಯಾವ ಕೈಪಿಡಿಯಲ್ಲೂ ಬರೆಯದ ಮಾತು. ಕವರಿನ ಏಳು ಕ್ಲಿಪ್ಪುಗಳಲ್ಲಿ ಮೂರು ಮುರಿದವು. ಅವು ಮುರಿಯಲೆಂದೇ ಹುಟ್ಟಿದವು.

ಕವರ್ ಎತ್ತಿದೆ. ಕೆಳಗೆ ತಗಡಿನ ಒಂದು ಉದ್ದ ಮರಿಗೆ. ಅದರ ಎಡ ಅರ್ಧದಲ್ಲಿ ಕಪ್ಪಗೆ, ಮೆತ್ತಗೆ, ಘಮ್ಮೆನ್ನುವ ಗೊಬ್ಬರ. ನಡುವೆ ಎರಡೆಲೆಯ ಒಂದು ಅರಳಿ ಸಸಿ!

ಅಪ್ಪಯ್ಯ ಬಗ್ಗಿ ನೋಡಿ, "ಕಾರಲ್ಲೇ ತೋಟ ಮಾಡಿದೀಯಲ್ಲೋ ಮಾರಾಯ" ಅಂದರು. ಸಸಿಯನ್ನು ಮಾತ್ರ ಬಿಸಾಡಲು ಬಿಡಲಿಲ್ಲ, ತೆಂಗಿನ ಚಿಪ್ಪಿನಲ್ಲಿ ಇಟ್ಟುಕೊಂಡು ಹೋದರು.

ಗೊಬ್ಬರವನ್ನು ಕೈಯಲ್ಲಿ ಹಿಂಡಿ ನೋಡಿದೆ. ಬಹುಪಾಲು ಹೊಂಗೆ ಹೂವು. ಶಿವಮೊಗ್ಗದ ಮನೆ ಮುಂದೆ ಕಾರು ನಿಲ್ಲುವುದು ಹೊಂಗೆ ಮರದಡಿ. ಹೊಂಗೆ ನೆರಳು ಹೆತ್ತ ತಾಯಿ ಮಡಿಲು ಅನ್ನುತ್ತಾರೆ, ನಿಜವೇ. ಆದರೆ ಯುಗಾದಿ ಕಳೆದ ಮೇಲೆ ಆ ತಾಯಿ ದಿನಕ್ಕೊಂದು ಮೊರ ಹೂವು ಸುರಿಯುತ್ತಾಳೆ. ಒಂದೊಂದೂ ಪುಟ್ಟದು. ಬಾನೆಟ್ಟಿನ ಮೇಲೆ ಬಿದ್ದದ್ದನ್ನು ಪ್ರತಿ ಬೆಳಗ್ಗೆ ಬಟ್ಟೆಯಲ್ಲಿ ಹೊಡೆದು ಗುಡಿಸುತ್ತಿದ್ದೆ. ಎಲ್ಲಿಗೆ ಗುಡಿಸುತ್ತಿದ್ದೆ? ಗಾಜಿನ ಬುಡಕ್ಕೆ.

ಇಲ್ಲಿ ಸ್ಕೇಲು ತಂದು ಕೂತೆ. ಬೇಸರ ಕೋಪವಾಗಿದ್ದು ಅಳತೆ ಬರೆದುಕೊಂಡ ಮೇಲೆ.

ಜಾಲರಿಯ ಸೀಳುಗಳ ಅಗಲ 8 ಮಿಲಿಮೀಟರ್. ಮರಿಗೆಯ ಎರಡು ತುದಿಗಳಲ್ಲಿ ನೀರು ಹೋಗಲು ಒಂದೊಂದು ರಂಧ್ರ, ಅದಕ್ಕೆ ರಬ್ಬರಿನ ಬಾಯಿ, ಆ ಬಾಯಿಯ ಸೀಳು 4 ಮಿಲಿಮೀಟರ್. ಒಳಗೆ ಬರುವ ಬಾಗಿಲು ಎಂಟು, ಹೊರಗೆ ಹೋಗುವ ಬಾಗಿಲು ನಾಲ್ಕು. ಅಡುಗೆಮನೆಯ ಬಚ್ಚಲಿಗೆ ಜರಡಿ ಹಾಕುವಾಗ ನಾವು ಜರಡಿಯ ಕಣ್ಣನ್ನು ಕೊಳವೆಗಿಂತ ಚಿಕ್ಕದಾಗಿ ಇಡುತ್ತೇವೆ. ಇಲ್ಲಿ ಉಲ್ಟಾ.

ಇನ್ನು ಬ್ಲೋವರಿಗೆ ಹೊರಗಿನ ಗಾಳಿ ಹೋಗುವ ಬಾಯಿ. ಅದೂ ಇದೇ ಮರಿಗೆಯ ತಳದಲ್ಲಿ, ಎಡಕ್ಕೇ ಇದೆ. ನೀರು ನುಗ್ಗದಿರಲಿ ಅಂತ ಸುತ್ತ ಒಂದು ಕಟ್ಟೆ. ಕಟ್ಟೆಯ ಎತ್ತರ 2.5 ಸೆಂಟಿಮೀಟರ್. ಆ ಬಾಯಿಯಿಂದ ಬಲತುದಿಯ ರಂಧ್ರಕ್ಕೆ 110 ಸೆಂಟಿಮೀಟರ್. ಮರಿಗೆಯ ತಳ ಸಮವಾಗಿದೆ ಎಂದಿಟ್ಟುಕೊಂಡು, ಕಾರು 100ಕ್ಕೆ 2.5ರಂತೆ ಎಡಕ್ಕೆ ವಾಲಿದರೆ, ಬಲ ರಂಧ್ರ 2.75 ಸೆಂಟಿಮೀಟರ್ ಮೇಲೇರುತ್ತದೆ. ಅಂದರೆ ಎಡ ರಂಧ್ರ ಕಟ್ಟಿಕೊಂಡಾಗ ನೀರು ಬಲ ರಂಧ್ರ ಹುಡುಕಿಕೊಂಡು ಹೋಗುವ ಮೊದಲೇ ಕಟ್ಟೆ ದಾಟಿ ಫ್ಯಾನಿನೊಳಗೆ ಬೀಳುತ್ತದೆ. ಕಾಲು ಸೆಂಟಿಮೀಟರಿನ ಸೋಲು. ಕಟ್ಟೆಯನ್ನು ಇನ್ನೊಂದು ಬೆರಳು ಎತ್ತರಿಸಿದ್ದರೆ ನನ್ನ ಮಗಳ ಸಾಕ್ಸ್ ಒಣಗಿರುತ್ತಿತ್ತು.

ಬಲಗಡೆ ಸ್ಟಿಯರಿಂಗ್ ಕಂಬ, ಪೆಡಲುಗಳು, ಬ್ರೇಕ್ ಬೂಸ್ಟರ್ ಜಾಗ ತಿನ್ನುತ್ತವೆ. ಹಾಗಾಗಿ ಎಸಿ ಡಬ್ಬಿ, ಗಾಳಿಯ ಬಾಯಿ, ಬಿಸಿಎಂ ಎಲ್ಲವೂ ಎಡಕ್ಕೆ ಸರಿದಿವೆ. ಒಂದೊಂದನ್ನೇ ನೋಡಿದರೆ ಯಾವುದೂ ಮೂರ್ಖತನವಲ್ಲ. ಗಾಳಿಗೆ ಗಾಜಿನ ಬುಡ ಒಳ್ಳೆ ಜಾಗ, ಓಡುವಾಗ ಅಲ್ಲಿ ಒತ್ತಡ ಹೆಚ್ಚು. ಪೆಟ್ಟಿಗೆಗೆ ಬಾಗಿಲ ಪಕ್ಕ ಒಳ್ಳೆ ಜಾಗ, ವೈರು ಉಳಿಯುತ್ತದೆ. ಆದರೆ ನೀರಿನ ನಕ್ಷೆ ಬರೆದವನೂ ವೈರಿನ ನಕ್ಷೆ ಬರೆದವನೂ ಒಟ್ಟಿಗೆ ಕೂತು ಒಂದು ಲೋಟ ಕಾಫಿ ಕುಡಿದಿಲ್ಲ. ಅವರೂ ಬೇರೆ ಬೇರೆ ಜಾಬ್ ಕಾರ್ಡಿನವರೇ.

ಮೂರನೇ ಭಾನುವಾರ: ಪೆಟ್ಟಿಗೆ ಮತ್ತು ಕಾರ್ಪೆಟ್

ಬ್ಯಾಟರಿಯ ನೆಗೆಟಿವ್ ವೈರನ್ನು ಹಿಂದಿನ ರಾತ್ರಿಯೇ ಬಿಚ್ಚಿಟ್ಟಿದ್ದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಸೀಟು, ಡ್ಯಾಶ್‌ಬೋರ್ಡ್ ಮುಟ್ಟುವ ಮೊದಲು ಬ್ಯಾಟರಿ ಬಿಚ್ಚಿ ಕಾಯಲೇಬೇಕು. ಸೀಟಿನಡಿಯ ಹಳದಿ ಕನೆಕ್ಟರ್ ಬಿಚ್ಚಿರುವಾಗ ಕೀಲಿ ತಿರುಗಿಸಲೂಬಾರದು, ತಿರುಗಿಸಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ.

ಗ್ಲೋವ್ ಬಾಕ್ಸ್ ತೆಗೆದೆ. ಅದರ ಹಿಂದಿನ ಗಾಳಿಯ ಫಿಲ್ಟರ್ ನೆನೆದ ಹಪ್ಪಳವಾಗಿತ್ತು. ಬಿಸಿಎಂ ಕಾಲಿನ ಪಕ್ಕದ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ. ಮೂರು ಕನೆಕ್ಟರುಗಳಲ್ಲಿ ಒಂದು ಆಕಾಶಕ್ಕೆ ಮುಖ ಮಾಡಿ ಕೂತಿದೆ. ಎಳೆದರೆ ನಾಲ್ಕು ಪಿನ್ನುಗಳ ಮೇಲೆ ಹಸಿರು ಪಾಚಿಯಂಥ ಕಿಲುಬು. ಪಿನ್ನಿನಿಂದ ಪಿನ್ನಿಗೆ ನೀರು ಸೇತುವೆ ಕಟ್ಟಿದಾಗ, ಯಾರೋ ಬೀಗದ ಗುಂಡಿ ಒತ್ತಿದರು ಅಂತ ಪೆಟ್ಟಿಗೆ ತಿಳಿದುಕೊಳ್ಳುತ್ತಿತ್ತು. ಅದೇ ನಮ್ಮ ಮಧ್ಯರಾತ್ರಿಯ ದೆವ್ವ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆತ್ತಗೆ ಉಜ್ಜಿದೆ, ಮೂರು ಸಲ. ಪೆಟ್ಟಿಗೆ ಬಿಚ್ಚಿ ಒಳಗಿನ ಬೋರ್ಡ್ ನೋಡಿದೆ, ಅದೃಷ್ಟಕ್ಕೆ ಒಂದು ಮೂಲೆ ಬಿಟ್ಟರೆ ಸ್ವಚ್ಛವಾಗಿತ್ತು.

ಮೆಸ್ಕಾಂ ಲೈನ್‌ಮನ್ ಕಂಬದಿಂದ ಮನೆಗೆ ವೈರ್ ತರುವಾಗ ಗೋಡೆಯೊಳಗೆ ಹೋಗುವ ಮುಂಚೆ ಅದನ್ನು ಒಂದಿಷ್ಟು ಕೆಳಗೆ ಜೋಲು ಬಿಡುತ್ತಾನೆ. ವೈರಿನ ಮೇಲೆ ಹರಿದು ಬಂದ ನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಮನೆಯೊಳಗೆ ಬರುವುದಿಲ್ಲ. ನನ್ನ ಕಾರಿನಲ್ಲಿ ವೈರಿನ ಕಟ್ಟು ಮೇಲಿನಿಂದ ನೇರ ಕನೆಕ್ಟರಿಗೆ ಇಳಿದಿತ್ತು, ದಬ್ಬೆಯಲ್ಲಿ ನೀರು ತಂದ ಹಾಗೆ. ಕಟ್ಟಿನ ಎರಡು ಹಿಡಿಕೆ ಸಡಿಲಿಸಿದಾಗ ನಾಲ್ಕು ಬೆರಳು ಉದ್ದ ಸಿಕ್ಕಿತು, ಜೋಲು ಬಿಟ್ಟು ಕಟ್ಟಿದೆ. ಮೇಲಕ್ಕೆ ಮುಖ ಮಾಡಿದ ಕನೆಕ್ಟರಿಗೆ ಒಂದು ಟೊಪ್ಪಿ ಬೇಕು ಅಂದಾಗ ಅಪ್ಪಯ್ಯ ಅಡಿಕೆ ಹಾಳೆಯ ತುಂಡು ತಂದುಕೊಟ್ಟರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಹಳೇ ಎಣ್ಣೆ ಡಬ್ಬದ ಪ್ಲಾಸ್ಟಿಕ್ಕನ್ನೇ ಹಾಳೆ ಟೊಪ್ಪಿಯ ಆಕಾರಕ್ಕೆ ಮಡಚಿ ಕಟ್ಟಿದೆ.

ಕಾರ್ಪೆಟ್ ಕೆಲಸ ಎಲ್ಲಕ್ಕಿಂತ ದಂಡ. ಎಡ ಸೀಟಿನ ನಾಲ್ಕು ಬೋಲ್ಟು ಬಿಚ್ಚಿ, ಬಾಗಿಲ ಪಟ್ಟಿ ಎತ್ತಿ, ಕಾರ್ಪೆಟ್ ಮಗುಚಿದರೆ ಕೆಳಗೆ ಎರಡು ಬೆರಳು ದಪ್ಪದ ಹತ್ತಿಯಂಥ ಹಾಸು. ಅದು ನೀರನ್ನು ಕುಡಿದು ಬಿಡದೆ ಇಟ್ಟುಕೊಂಡಿತ್ತು. ಹಿಂಡಿದಾಗ ಅರ್ಧ ಬಕೆಟ್ ತುಂಬಿತು. ಮೇಲೆ ಕಾರ್ಪೆಟ್ ಒಣಗಿದಂತೆ ಕಂಡರೂ ಕೆಳಗೆ ತಿಂಗಳುಗಟ್ಟಲೆ ತಗಡು ಕೊಳೆಯುತ್ತದೆ. ಸರ್ವೀಸ್ ಸೆಂಟರಿನ ವ್ಯಾಕ್ಯೂಮಿನಿಂದ ಆಗುವ ಕೆಲಸವಲ್ಲ.

ಪುಷ್ಯ ಮಳೆಯಲ್ಲಿ ಅದನ್ನು ಒಣಗಿಸುವುದೆಲ್ಲಿ? ನಮ್ಮಲ್ಲಿ ಮಳೆಗಾಲದ ಬಟ್ಟೆ ಎಲ್ಲಿ ಒಣಗುತ್ತದೋ ಅಲ್ಲೇ. ಬಚ್ಚಲ ಒಲೆಯ ಮೇಲೆ, ಹಂಡೆಯಿಂದ ಆಳೆತ್ತರದಲ್ಲಿ ಕಟ್ಟಿದ ಬಿದಿರ ಗಳುವಿಗೆ ನೇತುಹಾಕಿ, "ಬೆಂಕಿ ಜಾಸ್ತಿ ಮಾಡಬೇಡಿ" ಅಂತ ಹೇಳಿ, ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆ. ವಾರವಿಡೀ ಕಾರಿಲ್ಲ.

ನಾಲ್ಕನೇ ಭಾನುವಾರ: ಜೋಡಣೆ

ಹಾಸು ಗರಿಗರಿ ಒಣಗಿತ್ತು. ಈಗ ಕಾರಿನಲ್ಲಿ ಕೂತರೆ ಹೊಗೆಯಾಡಿದ ಕಂಬಳಿಯ ವಾಸನೆ, ಅಜ್ಜಿಮನೆಯ ವಾಸನೆ. ಹೆಂಡತಿಗೆ ಇಷ್ಟವಿಲ್ಲ, ನನಗೆ ಅಡ್ಡಿಯಿಲ್ಲ.

ಮರಿಗೆ ತೊಳೆದು ಒರೆಸಿದೆ. ರಂಧ್ರದ ರಬ್ಬರ್ ಬಾಯಿಗಳನ್ನು ಪೂರ್ತಿ ಕಿತ್ತು ಹಾಕುವ ಆಸೆಯಾಯಿತು. ಆದರೆ ಇಂಜಿನ್ ಕಡೆಯ ಬಿಸಿಗಾಳಿ, ಹೊಗೆ ಎಸಿಯ ಬಾಯಿಗೆ ಬರದಂತೆ ತಡೆಯುವುದೂ ಅವೇ. ಸೀಳನ್ನು ಬ್ಲೇಡಿನಲ್ಲಿ 10 ಮಿಲಿಮೀಟರಿಗೆ ಅಗಲಿಸಿ ವಾಪಸ್ ಹಾಕಿದೆ. ಜಾಲರಿಯ ಮೇಲೆ ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಸೊಳ್ಳೆ ಪರದೆ ಕತ್ತರಿಸಿ ಹಾಸಿದೆ. ಮೊದಲು ಕೆಳಗಿನಿಂದ ಅಂಟಿಸಲು ಹೊರಟಿದ್ದೆ. ಹಾಗೆ ಮಾಡಿದರೆ ಹೂವು ಸೀಳಿನಲ್ಲೇ ಸಿಕ್ಕಿ, ತೆಗೆಯಲು ಮತ್ತೆ ವೈಪರ್ ಬಿಚ್ಚಬೇಕು. ಮೇಲಿದ್ದರೆ ಬಾನೆಟ್ ಎತ್ತಿ ಬ್ರಷ್ಷಾಡಿಸಿದರೆ ಸಾಕು. ಬ್ಲೋವರ್ ನಾಲ್ಕರಲ್ಲಿ ಇಟ್ಟಾಗ ಗಾಳಿ ತುಸು ಕಮ್ಮಿಯಾದಂತಿದೆ, ಅಥವಾ ನನಗೆ ಹಾಗನ್ನಿಸುತ್ತದೆ. ಕಟ್ಟೆ ಎತ್ತರಿಸುವ ಕೆಲಸ ಮಾಡಲಿಲ್ಲ. ಅಂಟು ಬಿಟ್ಟು ಫ್ಯಾನಿನೊಳಗೆ ಬಿದ್ದರೆ ಅನ್ನುವ ಭಯ.

ವೈಪರಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ, ಸೀಮೆಸುಣ್ಣದ ಗೆರೆ ನೋಡಿ ಕೂರಿಸಿದೆ. ಬ್ಯಾಟರಿ ಜೋಡಿಸಿದೆ. ಕಾರನ್ನು ಮತ್ತೆ ಹಲಗೆಯ ಮೇಲೆ ವಾಲಿಸಿ ಹತ್ತು ಝಾರಿ ನೀರು. ಮಗಳು ಟಾರ್ಚು ಹಿಡಿದು ಮಲಗಿ, ಬೇಜಾರಾಗಿ ಅಲ್ಲೇ ನಿದ್ದೆಹೋದಳು. ಅದಕ್ಕಿಂತ ಒಳ್ಳೆ ಫಲಿತಾಂಶ ಬೇಕೇ?

ಖರ್ಚು: ಕಾಂಟ್ಯಾಕ್ಟ್ ಕ್ಲೀನರ್ 380, ತುಕ್ಕಿನ ಸ್ಪ್ರೇ 190, ಪರದೆ 90, ಏಳು ಕ್ಲಿಪ್ಪಿಗೆ 140. ಒಟ್ಟು ಸರಿಯಾಗಿ 800 ರೂಪಾಯಿ, ಮತ್ತು ಒಂದು ಅಂಗಿ. ಹೊಸ ಫಿಲ್ಟರ್ ಲೆಕ್ಕಕ್ಕಿಲ್ಲ, ಅದು ಹೇಗೂ ಬದಲಾಯಿಸಬೇಕಿತ್ತು. ನಿಮ್ಮ ಕಾರೂ ಮರದಡಿ ನಿಲ್ಲುತ್ತದಾದರೆ ಬಿಚ್ಚುವ ತಂಟೆ ಬೇಡ. ಎಡಕ್ಕೆ ವಾಲುವಂತೆ ನಿಲ್ಲಿಸಿ, ಗಾಜಿನ ಬುಡಕ್ಕೆ ಒಂದು ಬಕೆಟ್ ನೀರು ಸುರಿದು, ಎಡ ಮುಂಚಕ್ರದ ಹಿಂದೆ ನೋಡಿ. ನನ್ನ ಕಾರಿನಲ್ಲಿ ನೀರು ಅಲ್ಲಿ ಧೋ ಎಂದು ಬೀಳಬೇಕು. ತೊಟ್ಟಿಕ್ಕಿದರೆ ಒಳಗೆ ತೋಟ ಶುರುವಾಗಿದೆ ಅಂತ.

ಇಷ್ಟೆಲ್ಲ ಬಿಚ್ಚಿರುವಾಗ ಎಡ ಹೆಡ್‌ಲೈಟಿನ ಸುಟ್ಟ ಬಲ್ಬನ್ನೂ ಹಾಕಿಬಿಡೋಣ ಅಂತ ಕೈ ಹಾಕಿದ್ದೆ. ಬ್ಯಾಟರಿಗೂ ಬಲ್ಬಿನ ಮುಚ್ಚಳಕ್ಕೂ ನಡುವೆ ಮೂರು ಬೆರಳು ಜಾಗ, ನನ್ನ ಕೈಗೆ ಐದು ಬೆರಳು. ಅದರ ಕಥೆ ಬೇರೆ.

ಆಶ್ಲೇಷಾ ಮಳೆ ಅರ್ಧ ಕಳೆದಿದೆ. ಬೀಗ ರಾತ್ರಿ ಸುಮ್ಮನಿದೆ. ಅರಳಿ ಸಸಿಗೆ ನಾಲ್ಕನೇ ಎಲೆ ಬಂದಿದೆ, ದಣಪೆಯ ಹತ್ತಿರ ನೆಡುತ್ತಾರಂತೆ. ಹಣ ಕೊಟ್ಟ ಕ್ಲಿಪ್ಪುಗಳು ಮಾತ್ರ ಅಂಗಡಿಗೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಮೂರು ಕಡೆ ಕೇಬಲ್ ಟೈ ಬಿಗಿದಿದ್ದೇನೆ, ಅರವತ್ತು ದಾಟಿದರೆ ಕೌಲ್ ಕವರ್ ಕಿರ್ರೆನ್ನುತ್ತದೆ.